ಮಿಟುಕಿ ಹೋದ ಚುಕ್ಕಿ ಯಾವುದು?

ಜನವರಿಯ ಒಂದು ಸಂಜೆ. ಸೂರ್ಯ ಅರಬ್ಬೀ ಸಮುದ್ರದಲ್ಲಿ ಮುಳುಗಿ ಮುಕ್ಕಾಲು ಗಂಟೆಯಾಗಿದೆ. ನೀವು ಮನೆಯ ಟೆರೇಸಿನಲ್ಲಿ ನಿಂತಿದ್ದೀರಿ. ನೆತ್ತಿಯ ಹತ್ತಿರ, ಈವರೆಗೆ ಏನೂ ಇಲ್ಲದಿದ್ದ ಜಾಗದಲ್ಲಿ ಒಂದು ಚುಕ್ಕಿ ಫಕ್ಕನೆ ಬೆಳಗಿ ಆರುತ್ತದೆ. ಎಂಟು ಹತ್ತು ಸೆಕೆಂಡು ಬಿಟ್ಟು, ಸ್ವಲ್ಪ ಉತ್ತರಕ್ಕೆ ಸರಿದು, ಮತ್ತೆ ಬೆಳಗುತ್ತದೆ. ಬಜ್ಪೆಗೆ ಇಳಿಯುವ ವಿಮಾನವೇ? ವಿಮಾನಕ್ಕಾದರೆ ಬಣ್ಣದ ದೀಪಗಳಿವೆ, ಮಿಟುಕುವುದೂ ಬೇಗ ಬೇಗ. ಸ್ವಲ್ಪ ಹೊತ್ತಿನಲ್ಲಿ ಸದ್ದೂ ಕೇಳಿಸುತ್ತದೆ. ಇದಕ್ಕೆ ಬಣ್ಣವಿಲ್ಲ, ಸದ್ದಿಲ್ಲ. ಇದೊಂದು ಉಪಗ್ರಹ, ಇಲ್ಲವೇ ಉಪಗ್ರಹವನ್ನು ಮೇಲೇರಿಸಿ ಕೆಲಸ ಮುಗಿಸಿದ ರಾಕೆಟ್ಟಿನ ಖಾಲಿ ಹಂತ.

ಅದರಲ್ಲಿ ದೀಪವೇನೂ ಉರಿಯುತ್ತಿಲ್ಲ. ಅಂಗಳದಲ್ಲಿ ಕತ್ತಲು ಕವಿದರೂ ತೆಂಗಿನ ಮರದ ತುದಿಯಲ್ಲಿ ಬಿಸಿಲು ಉಳಿದಿರುವುದನ್ನು ಕಂಡಿದ್ದೀರಲ್ಲ? ಆರೇಳು ನೂರು ಕಿಲೋಮೀಟರ್ ಎತ್ತರದಲ್ಲಿ ಆ ಬಿಸಿಲು ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಉರುಳಾಡುತ್ತಾ ಸಾಗುವ ವಸ್ತುವಿನ ನಯವಾದ ಮೈ ಆ ಬಿಸಿಲನ್ನು ನಮ್ಮತ್ತ ತಿರುಗಿಸಿದಾಗ ಮಿಂಚು, ಮಗ್ಗುಲು ಬದಲಿಸಿದಾಗ ಕತ್ತಲು. ಕೈಗನ್ನಡಿಯಿಂದ ಗೋಡೆಗೆ ಬಿಸಿಲು ಬಿಡುವ ಮಕ್ಕಳ ಆಟವೇ ಇದು. ಕೆಲಸದಲ್ಲಿರುವ ಉಪಗ್ರಹಗಳು ಸಾಮಾನ್ಯವಾಗಿ ಮೈಯನ್ನು ಸ್ಥಿರವಾಗಿ ಹಿಡಿದುಕೊಂಡಿರುತ್ತವೆ. ಹೀಗೆ ಉರುಳುವವು ಹೆಚ್ಚಾಗಿ ನಿವೃತ್ತಿಯಾದವು.

ಇಂಗ್ಲೆಂಡಿನ ಬೇಸಗೆಯಲ್ಲಿ ಇವು ರಾತ್ರಿಯಿಡೀ ಕಾಣುವುದುಂಟು. ನಮ್ಮಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಆ ಭಾಗ್ಯವಿಲ್ಲ. ಕೆಳಗಿನ ಕಕ್ಷೆಯವಕ್ಕೆ ಮುಸ್ಸಂಜೆಯ ಬಳಿಕ ಸುಮಾರು ಎರಡು ಗಂಟೆ, ಬೆಳಗಾಗುವ ಮುನ್ನ ಅಷ್ಟೇ ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಮಾತೇ ಬೇಡ. ಪಣಂಬೂರಿನಲ್ಲಿ ಬಂದರಿನ ದೀಪಗಳು ಕಣ್ಣು ಕುಕ್ಕುತ್ತವೆ. ಸೋಮೇಶ್ವರದ ಕಡೆ ಎಷ್ಟೋ ವಾಸಿ.

ಬೇಕಾಗುವುದು ಸೆಕೆಂಡು ತೋರಿಸುವ ಗಡಿಯಾರ, ಪೆನ್ಸಿಲು, ಪುಸ್ತಕ ಮತ್ತು ಇಬ್ಬರು ಮನುಷ್ಯರು. ಮೊದಲ ಸಲ ನಾನು ಒಬ್ಬನೇ ಹೋಗಿದ್ದೆ. ವಾಚು ನೋಡಲು ತಲೆ ತಗ್ಗಿಸಿದೆ, ತಲೆಯೆತ್ತುವಷ್ಟರಲ್ಲಿ ಚುಕ್ಕಿ ನಾಪತ್ತೆ! ಆದ್ದರಿಂದ ಮಗಳು ಆಕಾಶ ನೋಡಲಿ, ಅಪ್ಪನೋ ಅಮ್ಮನೋ ಗಡಿಯಾರ ನೋಡಲಿ. ಮೊದಲ ಮಿಂಚಿಗೆ 'ಒಂದು' ಎನ್ನಬೇಡಿ, 'ಸೊನ್ನೆ' ಎನ್ನಿ. ಹನ್ನೊಂದು ಬೇಲಿಗೂಟಗಳ ನಡುವೆ ಇರುವುದು ಹತ್ತೇ ಸಂದು ತಾನೆ? ಸೊನ್ನೆಯಿಂದ ಹತ್ತರವರೆಗೆ 84 ಸೆಕೆಂಡು ಹಿಡಿದರೆ ಮಿಂಚಿನ ಅವಧಿ 8.4 ಸೆಕೆಂಡು. ಇಷ್ಟಕ್ಕೇ ಅದು 8.4 ಸೆಕೆಂಡಿಗೆ ಒಂದು ಸುತ್ತು ಉರುಳುತ್ತದೆ ಎಂದು ಬರೆದುಬಿಡಬೇಡಿ. ಒಂದೇ ಉರುಳಿನಲ್ಲಿ ಎರಡು ಮಗ್ಗುಲುಗಳು ಮಿಂಚಿರಬಹುದು. ಕಂಡದ್ದನ್ನು ಮಾತ್ರ ಬರೆಯಿರಿ.

ತಿಂಗಳು ಬಿಟ್ಟು ಅದೇ ವಸ್ತುವನ್ನು ಅಳೆದಾಗ ಅವಧಿ 9 ಸೆಕೆಂಡು ಬಂದರೆ ಉರುಳುವ ವೇಗ ತಗ್ಗಿದೆ ಎಂದರ್ಥ. ಭೂಮಿಯ ಕಾಂತಕ್ಷೇತ್ರದಲ್ಲಿ ಉರುಳುವ ಲೋಹದ ಮೈಯಲ್ಲಿ ವಿದ್ಯುತ್ ಹರಿದು, ಅದೇ ಬ್ರೇಕಿನಂತೆ ಕೆಲಸ ಮಾಡುತ್ತದೆ.

ಇದೆಲ್ಲ ಬರಿಯ ಹೊತ್ತು ಕಳೆಯುವ ಕೆಲಸವೇ? 2009ರ ಫೆಬ್ರವರಿ 10ರಂದು ಸೈಬೀರಿಯದ ಮೇಲೆ, ಕೆಲಸದಲ್ಲಿದ್ದ ಇರಿಡಿಯಂ-33 ಉಪಗ್ರಹಕ್ಕೆ ಕೆಟ್ಟುಹೋಗಿದ್ದ ಕಾಸ್ಮಾಸ್-2251 ಡಿಕ್ಕಿ ಹೊಡೆದು ಎರಡೂ ಚೂರುಚೂರಾದವು. ಸತ್ತ ಉಪಗ್ರಹವನ್ನು ಹಿಡಿದು ಕೆಳಗಿಳಿಸಬೇಕಾದರೆ ಅದು ಹೇಗೆ ಉರುಳುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು.

ಕಕ್ಷೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ಚುಕ್ಕಿ ಕೃತ್ತಿಕೆ ಮತ್ತು ರೋಹಿಣಿಯ ನಡುವೆ ಹಾದುಹೋದ ಕ್ಷಣವನ್ನು ಗುರುತು ಹಾಕಿ, ಮೊಬೈಲಿನ ಆ್ಯಪ್ ಮುಂದಾಗಿ ಹೇಳಿದ ವೇಳೆಯೊಡನೆ ಹೋಲಿಸಿ. ತೆಳು ಗಾಳಿಯ ತಡೆಗೆ ಸಿಕ್ಕಿದ ಉಪಗ್ರಹ ತಡವಾಗಿ ಬರಬೇಕಲ್ಲ? ಇಲ್ಲ, ಮುಂಚಿತವಾಗಿ ಬರುತ್ತದೆ! ತಡೆಯಿಂದ ಕಕ್ಷೆ ಕುಗ್ಗುತ್ತದೆ, ಕುಗ್ಗಿದ ಕಕ್ಷೆಯ ಸುತ್ತು ಬೇಗ ಮುಗಿಯುತ್ತದೆ. ನಮ್ಮ ಉಡುಪಿ ಕಡೆಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲಿ ತಯಾರಾದ, 26 ಮುಖಗಳ, 360 ಕಿಲೋ ತೂಕದ 'ಆರ್ಯಭಟ'ಕ್ಕೂ ಆದದ್ದು ಇದೇ. 1975ರ ಏಪ್ರಿಲ್ 19ರಂದು ಸುಮಾರು 600 ಕಿಲೋಮೀಟರ್ ಎತ್ತರಕ್ಕೆ ಏರಿದ ಅದು ಸುತ್ತು ಸುತ್ತಿಗೂ ತುಸು ತುಸು ಕೆಳಗಿಳಿದು 1992ರಲ್ಲಿ ವಾತಾವರಣಕ್ಕೆ ಬಿತ್ತು.

ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಸ್ಕೂಲಿನಲ್ಲಿ ಜೆಫ್ರಿ ಪೆರಿ ಎಂಬ ಭೌತಶಾಸ್ತ್ರದ ಮೇಷ್ಟ್ರಿದ್ದರು. ಅವರೂ ಅವರ ಹುಡುಗರೂ ಹಿಡಿದದ್ದು ಬೆಳಕನ್ನಲ್ಲ, ರೇಡಿಯೋ ಸದ್ದನ್ನು. ಆದರೆ ಕ್ಷಣ ಗುರುತು ಹಾಕುವ ಕೆಲಸ ಇದೇ. 1966ರಲ್ಲಿ ಹಾರಿದ ಕಾಸ್ಮಾಸ್-112ರ ದಾರಿ ಸಮಭಾಜಕಕ್ಕೆ 72 ಡಿಗ್ರಿ ಓರೆಯಾಗಿತ್ತು, ಮುಂಚಿನವುಗಳ ಹಾಗಿರಲಿಲ್ಲ. ಅದರ ಮತ್ತು ಬಳಿಕ ಬಂದವುಗಳ ದಾರಿಯನ್ನು ಲೆಕ್ಕಹಾಕಿ, ಸೋವಿಯತ್ ಒಕ್ಕೂಟ ಗುಟ್ಟಾಗಿಟ್ಟಿದ್ದ ಪ್ಲೆಸೆಟ್ಸ್ಕ್ ಉಡಾವಣಾ ನೆಲೆಯ ಸುಳಿವನ್ನು ಅದೇ ವರ್ಷ ಶಾಲೆಯಲ್ಲೇ ಕಂಡುಹಿಡಿದರು.

ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಟೆರೇಸಿನ ಅಕ್ಷಾಂಶ, ರೇಖಾಂಶ ಬರೆಯಿರಿ. ಮಂಗಳೂರಿಗೆ ಸುಮಾರು 12.9 ಡಿಗ್ರಿ ಉತ್ತರ, 74.8 ಡಿಗ್ರಿ ಪೂರ್ವ. ಆಮೇಲೆ ದಿನಾಂಕ, ವೇಳೆ, ಎಣಿಸಿದ ಮಿಂಚುಗಳು. ಕಾಣದ ದಿನ 'ಕಾಣಲಿಲ್ಲ' ಎಂದೇ ಬರೆಯಿರಿ. ಮೋಡವಿತ್ತೇ, ಇಲ್ಲವೇ ಎಂಬುದನ್ನೂ ಪಕ್ಕದಲ್ಲಿ ಸೇರಿಸಿ.