ಪರದೇಶ ಸೇವೆಯೂ ಬಡ ವಿದ್ಯಾರ್ಥಿಯೂ

ದೇಶ ಸುತ್ತು, ಇಲ್ಲವೆ ಕೋಶ ಓದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಕೋಶ ಓದುವುದಕ್ಕೆ ನಮ್ಮ ಕಾಲೇಜಿನ ಗ್ರಂಥಾಲಯವುಂಟು. ದೇಶ ಸುತ್ತುವ ಖರ್ಚು ಯಾರದೆಂಬುದನ್ನು ಮಾತ್ರ ಗಾದೆ ಕಟ್ಟಿದವರು ಹೇಳದೆ ಬಿಟ್ಟಿದ್ದಾರೆ. ಆ ಬಿಟ್ಟುಹೋದ ಮಾತನ್ನು ಕುರಿತೇ ಇಲ್ಲಿ ನಾಲ್ಕು ವಿಚಾರಗಳನ್ನು ವಾಚಕರ ಮುಂದಿಡಬೇಕೆಂದು ನನ್ನ ಇಚ್ಛೆ.

ಈಗಿನ ತರುಣರಲ್ಲಿ ಒಂದು ಹೊಸ ಹಂಬಲ ಕಾಣಿಸಿಕೊಂಡಿದೆ. ಪರದೇಶವನ್ನು ಬರಿಯ ಕಣ್ಣಿನಿಂದ ನೋಡಿ ಬಂದರೆ ಸಾಲದು. ಅಲ್ಲಿನ ಒಂದು ಹಳ್ಳಿಯಲ್ಲಿ ಕೆಲವು ವಾರ ಇದ್ದು, ಶಾಲೆಯಲ್ಲಿ ಪಾಠ ಹೇಳಿಯೋ ಹೊಲದಲ್ಲಿ ದುಡಿದೋ ಆ ಜನರೊಡನೆ ಉಂಡು ಬರಬೇಕು ಎಂಬ ಹಂಬಲವದು. ಇದು ಒಳ್ಳೆಯ ಹಂಬಲವೆಂದೇ ನನ್ನ ಮತ. ಹೀಗೆ ಹೊರಡುವವರ ಅನುಕೂಲಕ್ಕಾಗಿ ಯಾವ ದೇಶ ಅಗ್ಗ, ಯಾವುದು ತುಟ್ಟಿ ಎಂಬ ಪಟ್ಟಿಗಳೂ ಹುಟ್ಟಿಕೊಂಡಿವೆ. ಅವುಗಳಲ್ಲಿ ನೇಪಾಳವಿರುತ್ತದೆ, ವಿಯೆಟ್ನಾಂ, ಕಾಂಬೋಡಿಯ, ಇಂಡೋನೇಷ್ಯಗಳಿರುತ್ತವೆ. ಅಷ್ಟೇ ಏಕೆ, ನಮ್ಮ ಭಾರತವೂ ಇರುತ್ತದೆ! ಬಾದಾಮಿಯ ಗುಹೆಗಳ ಮುಂದೆ ಬೆನ್ನಿಗೆ ಗಂಟು ಹೊತ್ತು ಅಡ್ಡಾಡುವ ಪಾಶ್ಚಾತ್ಯ ತರುಣರನ್ನು ಕಂಡವರಿಗೆ ಇದರ ಅರ್ಥ ಹೊಳೆದೀತು. ಪಟ್ಟಿ ಬರೆದವನ ಕಿಸೆಯಲ್ಲಿ ಡಾಲರು ಇದೆ. ಅವನಿಗೆ ಅಗ್ಗವಾದದ್ದು ಗಜೇಂದ್ರಗಡದಿಂದ ದಿನಾಲು ಬಸ್ಸಿನಲ್ಲಿ ರೋಣಕ್ಕೆ ಬಂದು ಕಲಿಯುವ ನನ್ನಂಥವನಿಗೂ ಅಗ್ಗವೆಂದು ತಿಳಿಯುವುದು ಹೇಗೆ? ನಾವು ನಮ್ಮ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ಆ ಲೆಕ್ಕ ಹೀಗಿದೆ. ಹತ್ತು ವರ್ಷ ನಡೆಯುವ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ. ಇದು ದೊಡ್ಡ ಮಾತಲ್ಲ. ಯುರೋಪಿನ ಷೆಂಗೆನ್ ದೇಶಗಳ ವೀಸಾ ಅರ್ಜಿಗೇ 2024ರ ಜೂನ್ ತಿಂಗಳಿನಿಂದ 90 ಯೂರೋ ತೆರಬೇಕು. ವೀಸಾ ಸಿಗದಿದ್ದರೆ ಆ ಹಣ ಹೋದಂತೆಯೇ. ವಿಯೆಟ್ನಾಮಿನ ವೀಸಾ 25 ಡಾಲರಿಗೆ ಸಿಗುತ್ತದೆ, ಅಲ್ಲಿನ ಊಟವೂ ಅಗ್ಗ. ಆದರೆ ವಿಮಾನದ ಟಿಕೀಟು ಅಗ್ಗವಲ್ಲ. ಭೂತಾನಕ್ಕೆ ನಮಗೆ ವೀಸಾ ಬೇಡ, ಪರವಾನಗಿ ಸಾಕು. ಆದರೆ ಪ್ರವಾಸಿಯಾಗಿ ಹೋದ ಭಾರತೀಯನು 2022ರಿಂದ ರಾತ್ರಿಯೊಂದಕ್ಕೆ 1200 ರೂಪಾಯಿ ಅಭಿವೃದ್ಧಿ ಶುಲ್ಕ ಕೊಡಬೇಕು. ಹತ್ತು ರಾತ್ರಿ ಮಲಗಿ ಎದ್ದರೆ, ಉಣ್ಣದೆ ತಿನ್ನದೆ, ಹನ್ನೆರಡು ಸಾವಿರ!

ಹಣದ ಮಾತಿನಷ್ಟೇ ಕಾಯಿದೆಯ ಮಾತೂ ಮುಖ್ಯವಾದುದು. ಪ್ರವಾಸಿಯ ವೀಸಾದ ಮೇಲೆ ಹೋಗಿ ಶಾಲೆಯಲ್ಲಿ ಪಾಠ ಹೇಳಿದರೆ ಎಷ್ಟೋ ದೇಶಗಳಲ್ಲಿ ಅದು ಅಪರಾಧ. ಥೈಲ್ಯಾಂಡಿನಲ್ಲಿ ಸಂಬಳವಿಲ್ಲದ ಸೇವೆಗೂ ಕೆಲಸದ ಪರವಾನಗಿ ಬೇಕಾಗುತ್ತದೆ. "ನಾನು ಬಿಟ್ಟಿ ದುಡಿದೆನಲ್ಲ" ಎಂದರೆ ಅಲ್ಲಿನ ಅಧಿಕಾರಿ ಕೇಳುವುದಿಲ್ಲ. ಕರೆಸಿಕೊಳ್ಳುವ ಸಂಸ್ಥೆಯವರು ಈ ವಿಷಯದಲ್ಲಿ ಬಾಯಿ ಬಿಡದಿದ್ದರೆ ಅಂಥವರ ಗೊಡವೆಗೆ ಹೋಗದಿರುವುದೇ ಲೇಸು.

ಇನ್ನು ಉಳಿದದ್ದು ನೇಪಾಳ. 1950ರ ಶಾಂತಿ ಮತ್ತು ಸ್ನೇಹದ ಒಪ್ಪಂದದಿಂದಾಗಿ ಅಲ್ಲಿ ವಾಸಿಸಲು, ಸಂಚರಿಸಲು, ವ್ಯಾಪಾರ ಮಾಡಲು ಅವರ ಪ್ರಜೆಗಳಿಗಿರುವಂಥ ಸವಲತ್ತು ನಮಗೂ, ಇಲ್ಲಿ ನಮಗಿರುವಂಥದು ಅವರಿಗೂ ಉಂಟು. ವೀಸಾ ಬೇಡ. ಪಾಸ್‌ಪೋರ್ಟು ಇಲ್ಲದಿದ್ದರೆ ಚುನಾವಣೆಯ ಗುರುತಿನ ಚೀಟಿ ಸಾಕು. ಆಧಾರ್ ಚೀಟಿ ಮಾತ್ರ ನಮ್ಮ ವಯಸ್ಸಿನವರಿಗೆ ನಡೆಯದು. ನಮ್ಮ ಒಂದು ರೂಪಾಯಿಗೆ ಅವರ ಒಂದು ರೂಪಾಯಿ ಅರವತ್ತು ಪೈಸೆ ಎಂಬ ದರ 1993ರಿಂದ ಬದಲಾಗಿಲ್ಲ. ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿಯ ಗಡಿಗೆ ಬಸ್ಸು, ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿದರೆ ಪರದೇಶ! ಬುದ್ಧನು ಹುಟ್ಟಿದ ಲುಂಬಿನಿ ಅಲ್ಲಿಂದ ದೂರವಿಲ್ಲ. ಇನ್ನೊಂದು ಅನುಕೂಲವನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನೇಪಾಳಿ ಭಾಷೆಯ ಲಿಪಿ ದೇವನಾಗರಿ. ಶಾಲೆಯಲ್ಲಿ ಹಿಂದಿ ಓದಿದ ನಮ್ಮ ಹುಡುಗ ಹುಡುಗಿಯರು ಅಲ್ಲಿನ ಅಂಗಡಿಯ ಹಲಗೆಯನ್ನು ಮೊದಲ ದಿನವೇ ಓದಬಲ್ಲರು. ಇಂಗ್ಲೆಂಡಿನಿಂದ ಬಂದವನಿಗೆ ಈ ಭಾಗ್ಯವಿಲ್ಲ.

ಹಾಗಾದರೆ ನಾಳೆಯೇ ಗಂಟು ಕಟ್ಟೋಣವೇ? ಸ್ವಲ್ಪ ತಡೆಯಬೇಕು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ತರುಣರ ಚಳವಳಿಯಿಂದ ಸರಕಾರವೇ ಬಿದ್ದಿತು. ಆದುದರಿಂದ ಹೊರಡುವ ಮೊದಲು ಅಲ್ಲಿನ ಪರಿಸ್ಥಿತಿಯನ್ನು ವಿಚಾರಿಸುವುದು ಒಂದು. ಯಾರ ಮನೆಗೆ, ಯಾವ ಕೆಲಸಕ್ಕೆ ಹೋಗುತ್ತೇವೆ ಎಂಬುದು ಇನ್ನೊಂದು, ಮತ್ತು ಅದೇ ದೊಡ್ಡದು. ನೇಪಾಳದಲ್ಲಿ ಅನಾಥಾಲಯಗಳ ಹೆಸರಿನಲ್ಲಿ ನಡೆದಿರುವ ವ್ಯಾಪಾರದ ಸುದ್ದಿ ಲೋಕಕ್ಕೆಲ್ಲ ತಿಳಿದಿದೆ. ಅಲ್ಲಿರುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಶಾಲೆ ಕಲಿಸುತ್ತೇವೆಂದು ಗುಡ್ಡಗಾಡಿನ ಹಳ್ಳಿಗಳಿಂದ ಮಕ್ಕಳನ್ನು ತಂದು, ಅನಾಥರೆಂದು ತೋರಿಸಿ, ಕನಿಕರಪಟ್ಟು ಬಂದ ಪರದೇಶಿಯರಿಂದ ಹಣ ಎತ್ತುವವರಿದ್ದಾರೆ. ಹೆಚ್ಚು ಜನ ಸೇವಕರು ಬಂದಷ್ಟೂ ಹೆಚ್ಚು ಮಕ್ಕಳು ಮನೆ ಬಿಡಬೇಕಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಹೋದವನು ತಾಯಿ ಮಗುವನ್ನು ಅಗಲಿಸುವ ಕೆಲಸಕ್ಕೆ ಬಾಡಿಗೆ ಕೊಟ್ಟು ಬಂದಂತಾಗುತ್ತದೆ. ಎರಡು ವಾರ ಮುದ್ದಾಡಿ ಮೂರನೆಯ ವಾರ ಹೊರಟುಹೋಗುವ ಅಣ್ಣ ಅಕ್ಕಂದಿರು ಆ ಮಕ್ಕಳಿಗೆ ಬೇಕಾಗಿಲ್ಲ.

ಕಟ್ಟಡ ಕಟ್ಟುವ ಸೇವೆಯ ಮಾತೂ ಅಷ್ಟೇ. ನಮ್ಮೂರ ಗೌಂಡಿ ಒಂದು ದಿನಕ್ಕೆ ಎಬ್ಬಿಸುವ ಗೋಡೆಯನ್ನು ಕರಣಿ ಹಿಡಿದು ತಿಳಿಯದ ಹತ್ತು ಮಂದಿ ಕಾಲೇಜು ಹುಡುಗರು ವಾರವಿಡೀ ಕಟ್ಟಿದರೂ ಅದು ಸೊಟ್ಟಗೇ ನಿಲ್ಲುತ್ತದೆ. ಅಲ್ಲಿಯ ಗೌಂಡಿ ಪಗಾರವಿಲ್ಲದೆ ಕಟ್ಟೆಯ ಮೇಲೆ ಕುಳಿತು ಇದನ್ನು ನೋಡಬೇಕು!

ನರಗುಂದದ ನನ್ನ ಗೆಳೆಯನೊಬ್ಬನು ಪರದೇಶ ಸೇವೆಗೆ ಕಳಿಸುವ ಒಂದು ಸಂಸ್ಥೆಗೆ ಬರೆದುಕೊಂಡನು. ಎರಡು ವಾರದ ಸೇವೆಗೆ ಅವರು ಕೇಳಿದ ಹಣ, ಅವನ ಮನೆಯ ಎರಿಹೊಲದಲ್ಲಿ ಒಂದು ಹಿಂಗಾರಿಗೆ ಬರುವ ಕಡಲೆಯ ಹುಟ್ಟುವಳಿಗೆ ಸರಿಯಾಗಿತ್ತು. ಇದನ್ನು ಕೇಳಿ ಅವನ ಅಜ್ಜಿ, "ದುಡಿಯಾಕ ಹೋದವರಿಗೆ ಪಗಾರ ಕೊಡತಾರ. ನಾವ ರೊಕ್ಕಾ ಕೊಟ್ಟು ದುಡಿಯೂದು, ಇದೆಂಥಾ ದುಡಿತಪಾ ತಮ್ಮಾ?" ಎಂದಳಂತೆ. ಅರ್ಥಶಾಸ್ತ್ರದ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾವು ಯಾರೂ ಕೇಳಿಲ್ಲ. ಹೋದವನ ಅನ್ನದ ಖರ್ಚನ್ನು ಆ ಊರಿನವರೇ ಏಕೆ ಹೊರಬೇಕೆಂದು ಕೇಳಿದರೆ ಅದು ನ್ಯಾಯ. ಆದರೆ ಅನ್ನಕ್ಕೆ ಹೋಗುವುದೆಷ್ಟು, ನಡುವಿನ ದಲ್ಲಾಳಿಗೆ ಹೋಗುವುದೆಷ್ಟು ಎಂಬ ಲೆಕ್ಕವನ್ನು ಬಿಚ್ಚಿ ತೋರಿಸದ ಸಂಸ್ಥೆಗೆ ಹಣ ಕೊಡಬಾರದು.

ಪರದೇಶ ಸೇವೆಯೆಂದರೆ ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಸಜ್ಜನನು 1920ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ವರ್ಡನ್ ಬಳಿಯ ಒಂದು ಹಳ್ಳಿಯಲ್ಲಿ ಕೆಲವರನ್ನು ಕೂಡಿಸಿಕೊಂಡು ಮನೆ ಕಟ್ಟಲು ನಿಂತನು. ಕೂಡಿದವರಲ್ಲಿ ಜರ್ಮನರೂ ಇದ್ದರು. ಇದರಿಂದಲೇ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಬೆಳೆಯಿತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅದೇ ಸೆರೆಸೋಲ್ ಭಾರತಕ್ಕೆ ಬಂದು, ಮನೆ ಕಳೆದುಕೊಂಡವರ ಹೊಸ ಹಳ್ಳಿಗಳನ್ನು ಕಟ್ಟುವುದರಲ್ಲಿ ದುಡಿದನು. ಆ ಸಂಸ್ಥೆಯ ಶಿಬಿರಗಳ ಪದ್ಧತಿ ಇಂದಿಗೂ ಸರಳವಾಗಿದೆ. ದಾರಿಯ ಖರ್ಚು ಬಂದವನದು, ಅನ್ನ ಮತ್ತು ಹಾಸಿಗೆ ಕರೆದವರದು. ನಮ್ಮಂಥವರಿಗೆ ಒಗ್ಗುವ ಪದ್ಧತಿ ಇದು.

ಇದಕ್ಕೂ ಹತ್ತಿರದ ಉದಾಹರಣೆಯೊಂದಿದೆ. ಹೊಳೆಆಲೂರಿನ ನಿಲ್ದಾಣದ ಮೇಲೆ ಹಾಯುವ ರೈಲು ದಾರಿ ಬಾಗಲಕೋಟೆ, ವಿಜಯಪುರಗಳನ್ನು ದಾಟಿ ಸೊಲ್ಲಾಪುರದ ಕಡೆ ಹೋಗುತ್ತದೆ. ಕನ್ನಡ, ಮರಾಠಿ ಎರಡೂ ಬೆರೆತ ಆ ಊರಿನಲ್ಲಿ 1910ರಲ್ಲಿ ಹುಟ್ಟಿದವರು ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ಜಪಾನು ಚೀನದ ಮೇಲೆ ಏರಿಹೋದಾಗ ಚೀನದ ಸೇನಾನಿ ಜು ದೆ ಅವರು ನೆಹರೂ ಅವರಿಗೆ ಬರೆದು ವೈದ್ಯರನ್ನು ಕೇಳಿಕೊಂಡರು. ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ 1938ರಲ್ಲಿ ಜನರಿಂದ ವಂತಿಗೆ ಕೂಡಿಸಿ ಐವರು ವೈದ್ಯರನ್ನು ಕಳಿಸಲಾಯಿತು. ನಾವೇ ಪರರ ಆಳ್ವಿಕೆಯಲ್ಲಿದ್ದ ಬಡ ದೇಶದವರು ಎಂಬುದನ್ನು ವಾಚಕರು ಮರೆಯಬಾರದು. ಕೋಟ್ನಿಸರು ಚೀನೀ ಭಾಷೆಯನ್ನು ಕಲಿತರು, ಅಲ್ಲಿಯೇ ಮದುವೆಯಾದರು, ಆಸ್ಪತ್ರೆಯೊಂದರ ಮುಖ್ಯಸ್ಥರಾದರು. 1942ರ ಡಿಸೆಂಬರ್ 9ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಐವರಲ್ಲಿ ತಿರುಗಿ ಬಾರದವರು ಅವರೊಬ್ಬರೇ.

ಕೋಟ್ನಿಸರಂತೆ ಪ್ರಾಣ ಕೊಡಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಅವರ ಕೈಯಲ್ಲಿ ಆ ಊರಿಗೆ ಬೇಕಾದ ವಿದ್ಯೆ ಇತ್ತು. ಮತ್ತು ಅವರು ಹೋದದ್ದು ತಮ್ಮ ಸ್ವಂತ ಕಿಸೆಯ ಬಲದಿಂದಲ್ಲ. ಅವರನ್ನು ಜನ ಕಳಿಸಿದರು. ಯಾವ ದೇಶ ಅಗ್ಗ ಎಂದು ಒಬ್ಬೊಬ್ಬನೇ ಕುಳಿತು ಹುಡುಕುವ ಬದಲು, ಕಳಿಸುವವರು ಯಾರು ಎಂದು ನಾವು ಮೊದಲು ಕೇಳಬೇಕಾಗಿದೆ.

ಪಟ್ಟಿ ಎಂಬ ಮಾತಿಗೆ ನಮ್ಮ ಕಡೆ ಇನ್ನೊಂದು ಅರ್ಥವಿದೆಯಷ್ಟೆ. ಜಾತ್ರೆಗೆ, ತೇರಿಗೆ, ಗುಡಿಯ ಕಳಸಕ್ಕೆ ಮನೆ ಮನೆಗೂ ಹೋಗಿ ಪಟ್ಟಿ ಎತ್ತುತ್ತೇವೆ. ಕಡುಬಡವನೂ ಹತ್ತು ರೂಪಾಯಿ ಬರೆಸುತ್ತಾನೆ. ನಮ್ಮ ಕಾಲೇಜಿನಲ್ಲಿ 300 ಮಂದಿ ತಲಾ 50 ರೂಪಾಯಿ ಕೊಟ್ಟರೆ 15,000 ರೂಪಾಯಿ. ಬಸ್‌ಸ್ಟ್ಯಾಂಡಿನ ಎದುರು ಎರಡು ಸಂಜೆಯ ಗಿರ್ಮಿಟ್ಟು ಮಿರ್ಚಿಯನ್ನು ಬಿಟ್ಟರೆ ಆಯಿತು. ಒಬ್ಬ ವಿದ್ಯಾರ್ಥಿ ರೈಲಿನಲ್ಲಿ ನೇಪಾಳಕ್ಕೆ ಹೋಗಿ, ಅನ್ನ ಹಾಸಿಗೆ ಕೊಡುವ ಶಿಬಿರದಲ್ಲಿ ಮೂರು ನಾಲ್ಕು ವಾರ ದುಡಿದು ಬರಲು ಇಷ್ಟು ಸಾಕಾದೀತೆಂದು ನನ್ನ ಅಂದಾಜು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. ಮನೆ ಗೆದ್ದು ಮಾರು ಗೆಲ್ಲು. ರೋಣದ ಹಳ್ಳಿಗಳಲ್ಲಿ ಸೇವೆಗೆ ಬರಗಾಲವೇ? ಇಲ್ಲ, ಖಂಡಿತ ಇಲ್ಲ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರುಗಳ ಕಡೆ ನೀರು ನುಗ್ಗಿದಾಗ ಮಾಡಬೇಕಾದ ಕೆಲಸ ಬೆಟ್ಟದಷ್ಟಿತ್ತು. ಈ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ, ಮತ್ತು ಅದನ್ನೇ ಅರ್ಹತೆಯ ನಿಯಮವನ್ನಾಗಿ ಮಾಡಬೇಕೆನ್ನುತ್ತೇನೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಯ ಕೆಲಸವೂ ಏಳು ದಿನದ ಶಿಬಿರವೂ ಇವೆ. ಅದನ್ನು ಪ್ರಾಮಾಣಿಕವಾಗಿ ಮುಗಿಸದವನನ್ನು ಕಳಿಸಬಾರದು. ಶಿಬಿರದಲ್ಲಿ ಸಲಿಕೆ ಹಿಡಿದು ಫೋಟೋ ತೆಗೆಸಿಕೊಂಡು ನೆರಳಿಗೆ ಹೋಗುವವರನ್ನು ನಾವೆಲ್ಲ ಬಲ್ಲೆವು. ಅವರಿಗೆ ಹೊಳೆಆಲೂರೂ ಒಂದೇ, ಕಠ್ಮಂಡುವೂ ಒಂದೇ.

ಆಕ್ಷೇಪದ ಉಳಿದ ಅರ್ಧವನ್ನು ಮಾತ್ರ ನಾನು ಒಪ್ಪಲಾರೆ. ಬಿಹಾರದ ಮನೆಗಳನ್ನು ಬಿಹಾರದವರೇ ಕಟ್ಟಿಕೊಳ್ಳಬಹುದಾಗಿತ್ತು. ಆದರೂ ಪರದೇಶದವನೊಬ್ಬ ಬಂದು ಮಣ್ಣು ಹೊತ್ತನೆಂಬುದನ್ನು ತೊಂಬತ್ತು ವರ್ಷದ ಮೇಲೂ ನಾವು ನೆನೆಯುತ್ತೇವಲ್ಲ! ಕೊಡುವ ಕೈ ಯಾವಾಗಲೂ ಪಶ್ಚಿಮದ್ದು, ಪಡೆಯುವ ಕೈ ನಮ್ಮದು ಎಂದು ನಮ್ಮ ಹುಡುಗರ ಮನಸ್ಸಿನಲ್ಲಿ ಕುಳಿತಿರುವ ಭಾವನೆ ಒಮ್ಮೆ ಅಲುಗಾಡಬೇಕು. ನೇಗಿಲು, ಮಗ್ಗ, ಸಹಕಾರಿ ಸಂಘದ ಲೆಕ್ಕದ ಪುಸ್ತಕ, ಇವುಗಳನ್ನು ಬಲ್ಲ ರೋಣದ ಹುಡುಗಿಯೊಬ್ಬಳು ನೇಪಾಳದ ರೈತರ ಮಧ್ಯೆ ಕುಳಿತರೆ ಅವಳು ಕಲಿಸುವುದೂ ಉಂಟು, ಕಲಿಯುವುದು ಇನ್ನೂ ಹೆಚ್ಚು ಉಂಟು. ಹುಡುಗಿ ಎಂದು ತಿಳಿದೇ ಬರೆದಿದ್ದೇನೆ. 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಅಲ್ಲಿಂದೀಚೆಗೆ ಮನೆ ಬಿಟ್ಟು ಹೊರಡುವ ಧೈರ್ಯ ಅವರಲ್ಲಿ ಹೆಚ್ಚಿರುವುದನ್ನು ದಿನವೂ ಬಸ್ಸಿನಲ್ಲಿ ಕಾಣುತ್ತಿದ್ದೇನೆ. ಇಬ್ಬರನ್ನು ಜೊತೆ ಮಾಡಿ ಕಳಿಸಿದರೆ ತಾಯಿತಂದೆಗಳೂ ಒಪ್ಪಿಯಾರು.

ಎಲ್ಲಿಗೂ ಹೋಗಲಾರದ ಸ್ಥಿತಿಯಲ್ಲಿರುವವರಿಗೂ ದಾರಿಯಿಲ್ಲದಿಲ್ಲ. ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವು ಹದಿನೆಂಟು ವರ್ಷ ದಾಟಿದವರಿಗೆ ಮನೆಯಲ್ಲಿ ಕುಳಿತೇ ಅಂತರಜಾಲದ ಮೂಲಕ ಭಾಷಾಂತರ ಮುಂತಾದ ಕೆಲಸ ಮಾಡಲು ಅವಕಾಶ ಕೊಡುತ್ತದೆ. ಅದಕ್ಕೆ ಶುಲ್ಕವಿಲ್ಲ, ವೀಸಾ ಬೇಡ.

ನನ್ನ ಸೂಚನೆಯನ್ನು ವಿದ್ಯಾರ್ಥಿ ಸಂಘದ ಮುಂದಿನ ಸಭೆಗೆ ಬರೆದು ಕೊಡಲಿದ್ದೇನೆ. ಪಟ್ಟಿಯ ಹಣವನ್ನು ಅಂಚೆ ಕಚೇರಿಯ ಖಾತೆಯಲ್ಲಿ ಇಬ್ಬರು ಅಧ್ಯಾಪಕರ ಸಹಿಯ ಮೇಲೆ ಇಡಬೇಕು. ಆಯ್ಕೆಯಾದವರು ಹೊರಡುವ ಮೊದಲು ಮೂರು ತಿಂಗಳು ನೇಪಾಳಿ ಭಾಷೆಯನ್ನು ಅಭ್ಯಾಸ ಮಾಡಬೇಕು. ಬಂದ ಮೇಲೆ ಮುಂದಿನ ವರ್ಷದ ಈ ಸಂಚಿಕೆಯಲ್ಲಿ, ಸುನೌಲಿಯಲ್ಲಿ ಕುಡಿದ ಚಹದ ಖರ್ಚಿನವರೆಗೂ ಲೆಕ್ಕ ಬರೆದು ಅಚ್ಚು ಹಾಕಿಸಬೇಕು.