ಕೋಟೆ ಸೂರೆ ಹೋಗುವ ಮುನ್ನ

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಹೊತ್ತಿಕೊಂಡ ಬೆಂಕಿ 96 ಗಣಕ ವ್ಯವಸ್ಥೆಗಳನ್ನು ಸುಟ್ಟುಹಾಕಿತು. ಸರ್ಕಾರಿ ನೌಕರರ ಕಡತಗಳಿಗೆಂದೇ ರೂಪಿಸಿದ್ದ ‘ಜಿ-ಡ್ರೈವ್’ ಎಂಬ ಉಗ್ರಾಣವೂ ಅದರಲ್ಲಿ ಸೇರಿತ್ತು. ಅಲ್ಲಿದ್ದ ಮಾಹಿತಿ 858 ಟೆರಾಬೈಟ್. ಕಚೇರಿಯ ಗಣಕಯಂತ್ರಗಳಲ್ಲಿ ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ಅಲ್ಲಿಯೇ ಇಡಬೇಕೆಂದು ನೌಕರರಿಗೆ ಸೂಚನೆಯಿತ್ತು. ಆದರೆ ಉಗ್ರಾಣ ತೀರಾ ದೊಡ್ಡದು ಎಂಬ ಕಾರಣಕ್ಕೆ ಅದರ ಇನ್ನೊಂದು ಪ್ರತಿ ಬೇರೆಲ್ಲಿಯೂ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡ ದೇಶದ ಕಥೆ ಇದು.

ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ಕಾರ್ಬನ್ ಕಾಗದ. 1980ರ ದಶಕದಲ್ಲಿ ನಾನು ಸರ್ಕಾರಿ ಸೇವೆಗೆ ಸೇರಿದಾಗ ‘ಕಚೇರಿ ಪ್ರತಿ’ ಇಲ್ಲದೆ ಒಂದು ಪತ್ರವೂ ಹೊರಗೆ ಹೋಗುತ್ತಿರಲಿಲ್ಲ. ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರದ ನಕಲು ದಫ್ತರಿನಲ್ಲಿ ಉಳಿಯುತ್ತಿತ್ತು, ಮೂಲಪತ್ರ ಮಾಲೀಕನ ಮನೆಯ ಪೆಟ್ಟಿಗೆ ಸೇರುತ್ತಿತ್ತು. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ದಾಖಲೆ ಬದುಕಿರುತ್ತಿತ್ತು. ಯಾರೂ ಅದನ್ನು ವಿಶೇಷ ಮುನ್ನೆಚ್ಚರಿಕೆ ಎಂದು ಭಾವಿಸಿರಲಿಲ್ಲ. ಅದು ಕೆಲಸದ ರೀತಿಯೇ ಆಗಿತ್ತು. ಗಣಕಯಂತ್ರ ಬಂದಾಗ ನಾವು ಕಾಗದವನ್ನು ಮಾತ್ರವಲ್ಲ, ಆ ಅಭ್ಯಾಸವನ್ನೂ ಕೈಬಿಟ್ಟೆವು.

ಇದಕ್ಕೆ ನಾನೂ ಹೊರತಲ್ಲ. ನನ್ನ ತಾಯಿಯವರು ಹಾಡುತ್ತಿದ್ದ ಸಂಪ್ರದಾಯದ ಹಾಡುಗಳನ್ನು ಹಿಂದೆ ಕ್ಯಾಸೆಟ್‌ಗಳಲ್ಲಿ ಮುದ್ರಿಸಿಕೊಂಡಿದ್ದೆ. ಅವರು ತೀರಿಕೊಂಡ ನಂತರ ಅವುಗಳನ್ನೆಲ್ಲ ಗಣಕಯಂತ್ರಕ್ಕೆ ವರ್ಗಾಯಿಸಿ, ಇನ್ನು ಇವು ಸುರಕ್ಷಿತ ಎಂದು ನಂಬಿ, ಹಳೆಯ ಕ್ಯಾಸೆಟ್‌ಗಳನ್ನು ರದ್ದಿಗೆ ಹಾಕಿದೆ. ಕೆಲವು ವರ್ಷಗಳ ಬಳಿಕ ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಕೆಟ್ಟಿತು. ‘ಬ್ಯಾಕಪ್ ಇದೆಯಾ ಸಾರ್?’ ಎಂದು ರಿಪೇರಿಯ ಹುಡುಗ ಕೇಳಿದಾಗ, ಕಚೇರಿ ಪ್ರತಿ ಇಲ್ಲದ ಕಡತಗಳನ್ನು ವಾಪಸು ಕಳುಹಿಸುತ್ತಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಕಾಗದ ಹಳದಿಯಾಗುತ್ತದೆ, ಅಂಚು ಮುರಿಯುತ್ತದೆ, ಎಚ್ಚರಿಕೆ ಕೊಟ್ಟು ಹಾಳಾಗುತ್ತದೆ. ಡಿಸ್ಕ್ ಹಾಗಲ್ಲ. ನಿನ್ನೆಯವರೆಗೆ ಎಲ್ಲವೂ ಇತ್ತು, ಇಂದು ಏನೂ ಇಲ್ಲ.

ಮನೆಯ ನಷ್ಟ ಮನೆಯವರದು. ಆದರೆ ಸಾರ್ವಜನಿಕ ದಾಖಲೆಗಳ ಮಾತು ಬೇರೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ನಮ್ಮ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕೀಕೃತಗೊಂಡವು, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ರೈತನಿಗೆ ಅದರಿಂದಾದ ಅನುಕೂಲ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಅಂದಿನಿಂದ ಅವನ ಹೊಲದ ಹಕ್ಕು, ಬೆಳೆಸಾಲ, ಪರಿಹಾರ ಎಲ್ಲವೂ ಕಣ್ಣಿಗೆ ಕಾಣದ ಯಂತ್ರವೊಂದರ ಸುಸ್ಥಿತಿಯನ್ನು ಅವಲಂಬಿಸಿವೆ. 2025ರ ಆರಂಭದಲ್ಲಿ ನೋಂದಣಿಯ ‘ಕಾವೇರಿ’ ತಂತ್ರಾಂಶ ಸೈಬರ್ ದಾಳಿಗೆ ಸಿಲುಕಿದಾಗ ಉಪ ನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ಕುಳಿತದ್ದನ್ನು ಕಂಡಿದ್ದೇವೆ. ಅದು ಸೇವೆಯ ಅಡಚಣೆ ಮಾತ್ರ. ದಾಖಲೆಯೇ ಅಳಿದರೆ ಗತಿಯೇನು?

ಅಂಥ ಆಪತ್ತಿನಿಂದ ಪಾರಾದ ಉದಾಹರಣೆಯೂ ನಮ್ಮಲ್ಲಿದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳನ್ನು ದುಷ್ಕರ್ಮಿಗಳು ಬೀಗ ಹಾಕಿದಂತೆ ನಿಷ್ಕ್ರಿಯಗೊಳಿಸಿದರು. ಹಲವು ದಿನ ನೋಂದಣಿಯಿಂದ ವರದಿಯವರೆಗೆ ಎಲ್ಲವೂ ಕೈಬರಹದಲ್ಲೇ ನಡೆಯಿತು. ಆದರೂ ರೋಗಿಗಳ ದತ್ತಾಂಶ ಮರಳಿ ದೊರೆಯಿತು. ದಾಳಿ ತಟ್ಟದ ಬ್ಯಾಕಪ್ ಸರ್ವರ್ ಒಂದು ಪ್ರತ್ಯೇಕವಾಗಿ ಉಳಿದಿದ್ದೇ ಇದಕ್ಕೆ ಕಾರಣ.

ಇಷ್ಟು ಸರಳವಾದುದನ್ನು ನಾವೇಕೆ ಮಾಡುವುದಿಲ್ಲ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಉತ್ತರ ಕಷ್ಟವೇನಲ್ಲ. ಪ್ರತಿ ತೆಗೆಯುವ ವೆಚ್ಚ ಇಂದಿನದು ಮತ್ತು ಖಚಿತ. ಅದರ ಫಲವಾದರೋ ನಾಳೆಯದು, ಅನಿಶ್ಚಿತ. ಸರ್ಕಾರದಲ್ಲಿ ಇನ್ನೊಂದು ತೊಡಕಿದೆ. ವೆಚ್ಚ ಮಾಡದಿದ್ದರೆ ಉಳಿತಾಯ ಇಲಾಖೆಯದು, ನಷ್ಟವಾದರೆ ಅದು ಪ್ರಜೆಯದು. ಬಳಕೆಯಾಗದೆ ಕುಳಿತ ಎರಡನೆಯ ಸರ್ವರ್ ಬಗ್ಗೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬಂದೀತೆಂದು ಅಧಿಕಾರಿ ಅಂಜುತ್ತಾನೆ. ಅದನ್ನು ಏಕೆ ಕೊಳ್ಳಲಿಲ್ಲ ಎಂದು ಕೇಳುವವರು ಅಪರೂಪ.

ಪ್ರತಿ ಇದ್ದ ಮಾತ್ರಕ್ಕೂ ಸಾಲದು. 2017ರಲ್ಲಿ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ದತ್ತಾಂಶ ಸಿಬ್ಬಂದಿಯೊಬ್ಬರ ಕೈತಪ್ಪಿನಿಂದ ಅಳಿಸಿಹೋದಾಗ, ನಿತ್ಯದ ಬ್ಯಾಕಪ್‌ಗಳು ಯಾರ ಗಮನಕ್ಕೂ ಬಾರದೆ ವಿಫಲವಾಗುತ್ತಿದ್ದುದು ಬೆಳಕಿಗೆ ಬಂತು. ಆರು ಗಂಟೆಗಳ ಹಿಂದೆ ಬೇರಾವುದೋ ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೊಂದು ಸಂಸ್ಥೆಯನ್ನು ಕಾಪಾಡಿತು. ಮರಳಿ ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ.

ಆದ್ದರಿಂದ ಸರ್ಕಾರದ ಮುಂದೆ ಎರಡು ಸಲಹೆಗಳು. ಜನರ ಹಕ್ಕುಗಳಿಗೆ ಸಂಬಂಧಿಸಿದ ಪ್ರತಿಯೊಂದು ದತ್ತಾಂಶವನ್ನೂ ಬೇರೆ ಊರಿನಲ್ಲಿರುವ ಪ್ರತಿಯಿಂದ ವರ್ಷಕ್ಕೊಮ್ಮೆಯಾದರೂ ಮರಳಿ ಕಟ್ಟುವ ತಾಲೀಮು ನಡೆಯಲಿ. ಅದರ ಫಲಿತಾಂಶವನ್ನು ಶಾಸನಸಭೆಯ ಮುಂದಿಡಲಿ. ಖಜಾನೆಯ ನಗದನ್ನು ಎಣಿಸಿ ತಾಳೆ ನೋಡುವ ಆಡಳಿತಕ್ಕೆ ಇದು ಅಸಾಧ್ಯವೇನಲ್ಲ.

ಗೃಹಸ್ಥರಿಗೆ ಬಲ್ಲವರು ಹೇಳುವ ಸೂತ್ರ ಇನ್ನೂ ಸುಲಭ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಮೊಬೈಲಿನ ಚಿತ್ರಗಳು ಅಂತರಜಾಲದ ಖಾತೆಗೆ ತಾವಾಗಿಯೇ ಹೋಗುತ್ತವೆಂದು ನಿಶ್ಚಿಂತರಾಗಬೇಡಿ. ಇಲ್ಲಿ ಅಳಿಸಿದ್ದು ಹಲವು ವೇಳೆ ಅಲ್ಲಿಯೂ ಅಳಿಯುತ್ತದೆ. ಕೆಲವು ಸಾವಿರ ರೂಪಾಯಿಯ ಒಂದು ಡಿಸ್ಕ್‌ಗೆ ಪ್ರತಿ ತೆಗೆದು, ಯಂತ್ರದಿಂದ ಬೇರ್ಪಡಿಸಿ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಆಗಾಗ ತೆರೆದು ನೋಡಿ.

ಮಾರ್ಚ್ 31 ನಮ್ಮಲ್ಲಿ ಲೆಕ್ಕಪತ್ರ ಮುಗಿಸುವ ದಿನ. ಜಗತ್ತಿನ ಹಲವೆಡೆ ಅದೇ ದಿನವನ್ನು ಬ್ಯಾಕಪ್ ದಿನವೆಂದೂ ಆಚರಿಸುತ್ತಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಕೇಳಿಯೇ ಬೆಳೆದವರು ನಾವು. ನನ್ನ ಮನೆಯ ಕೋಟೆ ಆಗಲೇ ಸೂರೆ ಹೋಗಿದೆ. ನಿಮ್ಮದಿನ್ನೂ ಭದ್ರವಾಗಿದ್ದರೆ, ಬಾಗಿಲು ಹಾಕಲು ಮಾರ್ಚ್ 31ರವರೆಗೂ ಕಾಯಬೇಕಾಗಿಲ್ಲ.