ಊರಿಗೆ ಹೋಗಿ ಬಂದವರ ರಕ್ತ

ದುಬೈನ ಅಲ್ ಬರ್ಷಾದಲ್ಲಿ ನಾವಿರುವ ಕಟ್ಟಡದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಕಳೆದ ಸೆಪ್ಟೆಂಬರಿನಲ್ಲಿ ಒಂದು ಸಂದೇಶ ಬಂತು. ರಕ್ತದಾನ ಶಿಬಿರಕ್ಕೆ ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನರೂ ರಕ್ತ ಕೊಡಲಿಲ್ಲ, ನಮ್ಮವರಿಗೆ ಊಟ ಮತ್ತು ಆರ್ಕೆಸ್ಟ್ರಾ ಇದ್ದರೆ ಮಾತ್ರ ಉತ್ಸಾಹ ಎಂದು ಬರೆದಿದ್ದರು. ಕೆಳಗೆ ಹತ್ತಿಪ್ಪತ್ತು ಮಂದಿ ಹೌದು ಹೌದು ಎಂದು ಹೆಬ್ಬೆರಳು ಒತ್ತಿದ್ದರು. ಆ ಶಿಬಿರಕ್ಕೆ ನಾನೂ ಹೋಗಿದ್ದೆ. ರಕ್ತ ಕೊಡದೆ ವಾಪಸು ಬಂದವರಲ್ಲಿ ನಾನೂ ಒಬ್ಬ. ಹೀಗಾಗಿ ಆ ಮಾತನ್ನು ಸುಮ್ಮನೆ ಓದಿ ಬಿಡುವುದು ನನ್ನಿಂದಾಗಲಿಲ್ಲ.

ನಡೆದದ್ದು ಇಷ್ಟು. ಭಾನುವಾರ ಬೆಳಿಗ್ಗೆ ಸಭಾಂಗಣವೊಂದರ ಪಾರ್ಕಿಂಗಿನಲ್ಲಿ ರಕ್ತ ಸಂಗ್ರಹದ ಬಸ್ಸು ನಿಂತಿತ್ತು. ಬಸ್ಸಿನ ನೆರಳು ಬಿದ್ದಷ್ಟು ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ನಮ್ಮ ಜನ. ಒಂದು ಗಂಟೆ ಕಾದ ಮೇಲೆ ಸರದಿ ಬಂತು. ಎಮಿರೇಟ್ಸ್ ಐಡಿ ತೋರಿಸಿ ಫಾರ್ಮು ತುಂಬಿ ಒಳಗೆ ಕುಳಿತೆ. ನರ್ಸ್ ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆದು ನೋಡಿದರು, ಚೆನ್ನಾಗಿದೆ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಈಚೆಗೆ ಎಲ್ಲಿಗಾದರೂ ಪ್ರಯಾಣ ಮಾಡಿದ್ದೀರಾ? ಊರಿಗೆ ಹೋಗಿದ್ದೆ, ಮಂಗಳೂರು, ಬಂದು ಮೂರು ವಾರ ಆಯಿತು ಎಂದೆ. ಅವರು ಫಾರ್ಮಿನ ಮೇಲೆ ಅಡ್ಡಗೀಟು ಎಳೆದು ಬಹಳ ವಿನಯದಿಂದ ಹೇಳಿದರು: ಮಲೇರಿಯಾ ಇರುವ ಪ್ರದೇಶ, ಹೊಸ ವರ್ಷ ಕಳೆದ ಮೇಲೆ ಬನ್ನಿ.

ಹೊರಗೆ ಬಂದರೆ ನನ್ನ ಹಿಂದೆ ಇದ್ದ ಹುಡುಗನಿಗೂ ಅದೇ ಉತ್ತರ. ಕುಂದಾಪುರ ಕಡೆಯವನು, ಅಲ್ ಕೂಝ್‌ನ ಲೇಬರ್ ಕ್ಯಾಂಪಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಭಾನುವಾರದ ಓವರ್‌ಟೈಮ್ ಬಿಟ್ಟು ಬಂದಿದ್ದ. ಬೆರಳಿಗೆ ಅಂಟಿಸಿದ ಹತ್ತಿಯನ್ನು ಒತ್ತಿಕೊಂಡೇ, "ಮೊದ್ಲೇ ಹೇಳಿದ್ರೆ ಬತ್ತಿರ್ಲಿಲ್ಲೆ ಅಣ್ಣಾ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ತನ್ನ ರಕ್ತದಲ್ಲಿ ಏನೋ ದೋಷ ಇದೆ ಎಂದು ಅವನು ತಿಳಿದುಕೊಂಡಿದ್ದ. ನನಗೆ ಇವತ್ತಿಗೂ ಕಾಡುವುದು ಅದೇ.

ಅಂದು ವಾಪಸಾದವರನ್ನು ನಾನು ಒಬ್ಬೊಬ್ಬರಾಗಿ ಮಾತನಾಡಿಸಿದೆ. ಬಹುತೇಕರು ಜುಲೈ, ಆಗಸ್ಟ್ ರಜೆಗೆ ಊರಿಗೆ ಹೋಗಿ ಬಂದವರು. ಇಲ್ಲಿನ ಶಾಲೆಗಳಿಗೆ ಆಗಲೇ ಬೇಸಿಗೆ ರಜೆ. ಸಂಸಾರಸ್ಥರೆಲ್ಲ ಆಗಲೇ ಊರಿಗೆ ಹೋಗುವುದು, ಆಗಲೇ ಅಲ್ಲಿ ಮಳೆ, ಸೊಳ್ಳೆ. ಇಲ್ಲಿ ರಕ್ತ ಕೊಡುವವರ ಸಂಖ್ಯೆ ಇಳಿಯುವುದೂ ಆ ತಿಂಗಳುಗಳಲ್ಲೇ, ಏಕೆಂದರೆ ಕೊಡುವವರು ಊರಿನಲ್ಲಿರುತ್ತಾರೆ. ಅವರು ತಿರುಗಿ ಬರುತ್ತಿದ್ದಂತೆ ನಮ್ಮ ಸಂಘಗಳು ಎದ್ದು ಕೂತು ಸೆಪ್ಟೆಂಬರಿನಲ್ಲೇ ಶಿಬಿರ ಇಟ್ಟುಕೊಳ್ಳುತ್ತವೆ. ಕರಾವಳಿಯವರೇ ತುಂಬಿರುವ ಸಂಘಕ್ಕೆ ಇದಕ್ಕಿಂತ ತಪ್ಪು ತಿಂಗಳು ಇನ್ನೊಂದಿಲ್ಲ. ಇಷ್ಟಾದ ಮೇಲೆ ಬೈಗುಳ ತಿನ್ನುವವನು ಅಲ್ ಕೂಝ್‌ನಿಂದ ಬಂದ ಹುಡುಗ.

ನಿಯಮವೇ ಅವಮಾನ, ನಮ್ಮ ರಕ್ತ ಇವರಿಗೆ ಬೇಡವೇ ಎಂದು ಅಂದು ಕೆಲವರು ಕೂಗಾಡಿದರು. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಯುಎಇಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾಮುಕ್ತ ಎಂದು ಸಾರಿದ್ದು 2007ರಲ್ಲಿ. ಅದಕ್ಕೆ ಇಲ್ಲಿನವರು ದಶಕಗಟ್ಟಲೆ ದುಡಿದಿದ್ದಾರೆ. ನಮ್ಮ ಮಂಗಳೂರಿನಲ್ಲಿ 1990ರ ಹೊತ್ತಿಗೆ ಮಲೇರಿಯಾ ಮತ್ತೆ ತಲೆಯೆತ್ತಿತು. ಬಹುಮಹಡಿ ಕಟ್ಟಡಗಳ ಕಾಮಗಾರಿ, ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಇವೇ ಸೊಳ್ಳೆಗೆ ತೊಟ್ಟಿಲಾದವು. ವರ್ಷಕ್ಕೆ ಸಾವಿರಗಟ್ಟಲೆ ಪ್ರಕರಣ ಕಂಡ ಊರು ಅದು. ಈಗ ಬಹಳ ಇಳಿದಿದೆ, ಆದರೂ ಆ ಹೆಸರು ಅಂಟಿಕೊಂಡೇ ಇದೆ. ಅಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಅಡಗಿರಬಲ್ಲದು. ಜ್ವರವೇ ಇಲ್ಲದವನ ರಕ್ತದಲ್ಲೂ ಮಲೇರಿಯಾ ರೋಗಾಣು ಇರಬಹುದು, ಫ್ರಿಜ್ಜಿನಲ್ಲಿಟ್ಟ ಚೀಲದಲ್ಲೂ ಅದು ದಿನಗಟ್ಟಲೆ ಬದುಕುತ್ತದೆ. ರಕ್ತ ಪಡೆಯುವವನು ಆಪರೇಷನ್ ಆದವನೋ, ಹಸುಗೂಸೋ, ಕ್ಯಾನ್ಸರ್ ರೋಗಿಯೋ ಆಗಿರುತ್ತಾನೆ. ಅವನ ಜೀವದ ಮುಂದೆ ನಮ್ಮ ಮಾನ ದೊಡ್ಡದಲ್ಲ.

ನನ್ನ ಜಗಳ ಇರುವುದು ಬೇರೆ ಕಡೆ. ಪ್ರಯಾಣದ ಆ ಪ್ರಶ್ನೆಯನ್ನು ಕೇಳಬೇಕಾದದ್ದು ಯಾವಾಗ? ಹೆಸರು ನೋಂದಾಯಿಸಿಕೊಳ್ಳುವಾಗಲೋ, ಬೆರಳಿಗೆ ಸೂಜಿ ಚುಚ್ಚಿದ ಮೇಲೋ? ಶಿಬಿರದ ಪೋಸ್ಟರಿನಲ್ಲಿ ಅಧ್ಯಕ್ಷರ ಫೋಟೊ ಇತ್ತು, ಮುಖ್ಯ ಅತಿಥಿಗಳ ಫೋಟೊ ಇತ್ತು, ಪ್ರಾಯೋಜಕರ ಏಳು ಲಾಂಛನಗಳಿದ್ದವು. "ಊರಿಗೆ ಹೋಗಿ ಬಂದವರು ಮೊದಲು ಕೇಳಿಕೊಂಡು ಬನ್ನಿ" ಎಂಬ ಒಂದು ಸಾಲಿಗೆ ಜಾಗ ಇರಲಿಲ್ಲ. ಮೊದಲ ಸಲ ಬಂದವನನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದರೆ ಅವನು ಮತ್ತೆ ಬರುವುದು ಬಲು ಕಡಿಮೆ. ರಕ್ತನಿಧಿಯಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ ಇದು.

ನಿಯಮದ ಒಳಗೇ ದಾರಿಗಳೂ ಇವೆ. ಬ್ರಿಟನ್ನಿನಲ್ಲಿ ಮಲೇರಿಯಾ ಪ್ರದೇಶಕ್ಕೆ ಹೋಗಿ ಬಂದವರು ನಾಲ್ಕು ತಿಂಗಳ ಮೇಲೆ ಒಂದು ಪರೀಕ್ಷೆ ಮಾಡಿಸಿಕೊಂಡರೆ ರಕ್ತ ಕೊಡಬಹುದು. ಅಮೆರಿಕದಲ್ಲಿ ಅಲ್ಲಿನ ಪ್ರಯಾಣಿಕರಿಗಿದ್ದ ಒಂದು ವರ್ಷದ ತಡೆಯನ್ನು 2020ರ ಏಪ್ರಿಲಿನಲ್ಲಿ ಮೂರು ತಿಂಗಳಿಗೆ ಇಳಿಸಿದರು. ದಾನಿಗಳ ರಕ್ತದಲ್ಲಿ ಮಲೇರಿಯಾ ರೋಗಾಣುವಿನ ಅಂಶವನ್ನೇ ಹುಡುಕುವ ಪರೀಕ್ಷೆಗೆ 2024ರ ಮಾರ್ಚಿನಲ್ಲಿ ಅಲ್ಲೇ ಮೊದಲ ಬಾರಿ ಒಪ್ಪಿಗೆ ಸಿಕ್ಕಿತು. ಯುಎಇಯಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಪಾಕಿಸ್ತಾನ, ಬಾಂಗ್ಲಾದೇಶದವರನ್ನೂ ಸೇರಿಸಿದರೆ ಇಲ್ಲಿನ ಆಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿದವರಲ್ಲಿ ಎಷ್ಟೋ ಜನ ನಮ್ಮ ಉಪಖಂಡದವರೇ. ನಮ್ಮಲ್ಲಿ ಬಿ ಗುಂಪು ಯುರೋಪಿನವರಿಗಿಂತ ಎಷ್ಟೋ ಹೆಚ್ಚು. ನಮ್ಮವರ ರಕ್ತಕ್ಕೆ ನಮ್ಮವರ ರಕ್ತವೇ ಸುಲಭವಾಗಿ ಹೊಂದುತ್ತದೆ. ಇಷ್ಟು ದೊಡ್ಡ ಸಮುದಾಯದ ದಾನಿಗಳನ್ನು ವರ್ಷದ ಕೆಲವು ತಿಂಗಳು ಪೂರ್ತಿ ಹೊರಗಿಡುವುದಕ್ಕಿಂತ ಪರೀಕ್ಷೆಗೆ ಹಣ ಹಾಕುವುದು ಮೇಲಲ್ಲವೇ ಎಂದು ಕೇಳುವ ಹಕ್ಕು ನಮಗಿದೆ. ಕೂಗಾಡುವ ಬದಲು ಬರೆದು ಕೇಳೋಣ. ನಮ್ಮ ಸಂಘಗಳಲ್ಲಿ ಎಷ್ಟೊಂದು ಡಾಕ್ಟರುಗಳಿದ್ದಾರೆ, ಅವರು ಕೂತು ಒಂದು ಮನವಿ ಬರೆದರೆ ಸಾಕು.

ಇನ್ನು ದೂರದ ಮಾತು. ಶಿಬಿರಕ್ಕೆ ಕಾಯದೆ ನೇರವಾಗಿ ಹೋಗಿ ಕೊಡೋಣವೆಂದರೆ ದುಬೈ ರಕ್ತದಾನ ಕೇಂದ್ರ ಇರುವುದು ಲತೀಫಾ ಆಸ್ಪತ್ರೆಯ ಆವರಣದಲ್ಲಿ. ಥಲಸ್ಸೀಮಿಯಾ ಕೇಂದ್ರವೂ ಅಲ್ಲೇ ಇದೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡೇ ಬದುಕುವ ಮಕ್ಕಳು ಅಲ್ಲಿಗೆ ಬರುತ್ತಾರೆ. ಅಲ್ ಬರ್ಷಾದಿಂದ ಅಲ್ಲಿಗೆ ಹೋಗಬೇಕಾದರೆ ಮಾಲ್ ಆಫ್ ದಿ ಎಮಿರೇಟ್ಸ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಬುರ್ಜುಮಾನಿನಲ್ಲಿ ಇಳಿದು ಹಸಿರು ಲೈನು ಹಿಡಿದು, ಊದ್ ಮೇಥಾ ಕಡೆ ಇಳಿದು, ಮತ್ತೆ ಬಸ್ಸೋ ಟ್ಯಾಕ್ಸಿಯೋ. ಕಾರಿದ್ದವರಿಗೆ ಸಾಲಿಕ್ ಟೋಲ್ ಗೇಟು, ದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟಿಗೆ ಆರು ದಿರ್ಹಮ್. ರಕ್ತ ಕೊಡುವುದಕ್ಕೆ ಹಿಡಿಯುವುದು ಹತ್ತು ನಿಮಿಷ, ಹೋಗಿ ಬರುವುದಕ್ಕೆ ಅರ್ಧ ದಿನ. ಆಫೀಸಿನಲ್ಲಿ ಕೆಲಸ ಮಾಡುವ ನನ್ನಂಥವನು ಹೇಗೋ ಹೊಂದಿಸಿಕೊಂಡಾನು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ದುಡಿದು, ಕಂಪನಿಯ ಬಸ್ಸಿನಲ್ಲಿ ಕ್ಯಾಂಪಿಗೆ ಮರಳುವವನು ಏನು ಮಾಡಬೇಕು? 15 ಜೂನ್‌ನಿಂದ 15 ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನ ಕೆಲಸ ನಿಲ್ಲಿಸಬೇಕೆಂಬ ನಿಯಮ ಇರುವ ನಾಡು ಇದು. ಅಂಥ ಬಿಸಿಲಿನಲ್ಲಿ ದುಡಿಯುವವನು ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ಸ್ಕ್ಯಾಫೋಲ್ಡಿಂಗ್ ಹತ್ತುವಂತಿಲ್ಲ. ಅವನಿಗೆ ಒಂದು ದಿನದ ಬಿಡುವು ಬೇಕೇ ಬೇಕು.

ಭಾರತದ ಕೇಂದ್ರ ಸರಕಾರಿ ನೌಕರರಿಗೆ ರಕ್ತ ಕೊಟ್ಟ ದಿನ ವಿಶೇಷ ಸಾಂದರ್ಭಿಕ ರಜೆ ಇದೆ, ವರ್ಷಕ್ಕೆ ನಾಲ್ಕು ಸಲ. ಇಟಲಿಯಲ್ಲಿ 1967ರಿಂದಲೇ ಸಂಬಳಸಹಿತ ರಜೆಯ ಕಾನೂನಿದೆ. ಇಲ್ಲಿ 2022ರಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನ ರಜೆಗಳಲ್ಲಿ ಅದು ಸೇರಿಲ್ಲ. ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ದುಬೈನಲ್ಲಿ ನೂರಾರು ಜನರಿಗೆ ಸಂಬಳ ಕೊಡುವ ಕನ್ನಡಿಗ ಉದ್ಯಮಿಗಳು ಬೇಕಾದಷ್ಟು ಇದ್ದಾರೆ. ಶಿಬಿರದ ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುವವರೂ ಅವರೇ. ರಕ್ತ ಕೊಟ್ಟ ನೌಕರನಿಗೆ ಆ ದಿನದ ಸಂಬಳ ಕಡಿಯುವುದಿಲ್ಲ ಎಂದು ಅವರು ಬರೆದು ಕೊಡಲಿ, ಆಮೇಲೆ ಶಾಲು ಹೊದಿಸೋಣ. ರಮ್ಜಾನ್ ತಿಂಗಳಲ್ಲಿ ಇಫ್ತಾರ್ ಮುಗಿದ ಮೇಲೆ ರಾತ್ರಿ ಹೊತ್ತು ರಕ್ತ ಸಂಗ್ರಹಿಸುವುದು ಈ ಊರಿಗೆ ಹೊಸತಲ್ಲ. ಒಂದು ತಿಂಗಳು ಸಾಧ್ಯವಾದದ್ದನ್ನು ಉಳಿದ ಹನ್ನೊಂದು ತಿಂಗಳೂ, ವಾರಕ್ಕೊಂದು ರಾತ್ರಿ, ಅಲ್ ಕೂಝ್‌ನ ಕ್ಯಾಂಪಿನ ಅಂಗಳದಲ್ಲಿ ಯಾಕೆ ಮಾಡಬಾರದು?

ಇಲ್ಲಿಯ ತನಕ ಬೇರೆಯವರನ್ನು ಕೇಳಿದೆ, ಈಗ ನಮ್ಮ ಸಂಘಗಳಿಗೆ. ಕರಾವಳಿಯ ಸಂಘಟನೆಗಳು ಕೊಲ್ಲಿ ನಾಡುಗಳಲ್ಲಿ ರಕ್ತದಾನಕ್ಕಾಗಿ ಮಾಡಿರುವ ಕೆಲಸ ಸಣ್ಣದಲ್ಲ. ಬ್ಲಡ್ ಡೋನರ್ಸ್ ಮಂಗಳೂರು ಹೆಸರಿನಲ್ಲಿ ಓಡಾಡುವ ಹುಡುಗರನ್ನು ನಾನು ಬಲ್ಲೆ. ಮಧ್ಯರಾತ್ರಿ ಕರೆ ಬಂದರೂ ಹೊರಡುವವರು ಅವರು. ಆದರೆ ನಮ್ಮ ದೊಡ್ಡ ಶಿಬಿರಗಳ ಚಾಳಿ ನೋಡಿ. ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಡಿಸೆಂಬರ್ 2ರ ಇಲ್ಲಿನ ರಾಷ್ಟ್ರೀಯ ದಿನ. ಹಬ್ಬದ ದಿನವೇ ಎಲ್ಲರ ಶಿಬಿರ, ಒಬ್ಬರಿಗಿಂತ ಒಬ್ಬರದು ದೊಡ್ಡದು, ಇನ್ನೂರು ಯುನಿಟ್, ಮುನ್ನೂರು ಯುನಿಟ್ ಎಂಬ ಪೈಪೋಟಿ. ಕೆಂಪು ರಕ್ತಕಣವನ್ನು ಸುಮಾರು ಆರು ವಾರ ಇಡಬಹುದು. ಪ್ಲೇಟ್‌ಲೆಟ್ ಬಾಳುವುದು ಐದು ದಿನ. ಒಂದೇ ದಿನ ಮುನ್ನೂರು ಚೀಲ ತುಂಬಿಸಿದರೆ, ಆ ಮುನ್ನೂರು ಮಂದಿ ಮುಂದಿನ ಎಂಟು ವಾರ ಕೊಡುವಂತಿಲ್ಲ. ನಡುವೆ ರಕ್ತ ಬೇಕಾದ ಮಗುವಿಗೆ ನಮ್ಮ ದಾಖಲೆಯಿಂದ ಏನೂ ಪ್ರಯೋಜನವಿಲ್ಲ. ಅದೇ ಮುನ್ನೂರು ಮಂದಿಯನ್ನು ವಾರಕ್ಕೆ ಆರು ಜನರಂತೆ ಹಂಚಿದರೆ ವರ್ಷ ಪೂರ್ತಿ ಸಾಗುತ್ತದೆ. ಬ್ಯಾನರು ಕಟ್ಟುವ ಕೆಲಸವಿಲ್ಲ, ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ, ಅದಕ್ಕೇ ಯಾರಿಗೂ ಬೇಡ. ಇದನ್ನು ಸಂಘದ ಸಭೆಯಲ್ಲಿ ಹೇಳಿದಾಗ, ಶಿಬಿರ ದೊಡ್ಡದಾಗಿದ್ದರೆ ತಾನೇ ಜನರಿಗೆ ಸ್ಫೂರ್ತಿ ಎಂದರು. ಸ್ಫೂರ್ತಿಗೊಂಡು ಬಂದ ಜನರನ್ನೇ ಪಾರ್ಕಿಂಗಿನಿಂದ ವಾಪಸು ಕಳಿಸಿದ್ದು ಅವರಿಗೆ ನೆನಪಿರಲಿಲ್ಲ.

ಹೆಂಗಸರ ವಿಷಯ ಯಾರೂ ಎತ್ತುವುದೇ ಇಲ್ಲ. ಆ ದಿನ ಪುತ್ತೂರಿನ ಕಡೆಯ ಟೀಚರೊಬ್ಬರು ಮೂರನೇ ಸಲ ಬಂದಿದ್ದರು, ಮೂರನೇ ಸಲವೂ ವಾಪಸಾದರು. ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕಂತೆ, ಅವರದು ಹನ್ನೊಂದು ಚಿಲ್ಲರೆ. ಒಂದು ಪ್ಯಾಕೆಟ್ ಜ್ಯೂಸು ಕೈಗೆ ಕೊಟ್ಟು ಕಳಿಸಿದರು. ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ವಿಮಾನ ಹತ್ತಿ ಬಂದ ಮಾತ್ರಕ್ಕೆ ಅದು ವಾಸಿಯಾಗುವುದಿಲ್ಲ. ಒಂದು ಸಲ ರಕ್ತ ಕೊಟ್ಟರೆ ಇನ್ನೂರು ಮಿಲಿಗ್ರಾಮಿಗೂ ಮೇಲ್ಪಟ್ಟು ಕಬ್ಬಿಣ ಹೋಗುತ್ತದೆ, ಆದ್ದರಿಂದ ನರ್ಸ್ ಬೇಡ ಎಂದದ್ದು ಸರಿ. ಆದರೆ ಮೂರು ಸಲ ಹನ್ನೊಂದು ಚಿಲ್ಲರೆ ಬಂದ ಹೆಂಗಸಿಗೆ ಡಾಕ್ಟರನ್ನು ಕಾಣಿ, ಇದಕ್ಕೆ ಔಷಧಿ ಇದೆ ಎಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಶಿಬಿರದ ಒಂದು ಮೂಲೆಯಲ್ಲಿ ನಮ್ಮದೇ ಒಬ್ಬ ಡಾಕ್ಟರಮ್ಮ ಕುರ್ಚಿ ಹಾಕಿ ಕೂತಿದ್ದರೆ, ನಾಲ್ಕನೇ ಸಲ ಆ ಟೀಚರ್ ರಕ್ತ ಕೊಟ್ಟು ಹೋಗುತ್ತಿದ್ದರೋ ಏನೋ. ಕನಿಷ್ಠ ಅವರ ಸುಸ್ತಾದರೂ ಕಡಿಮೆಯಾಗುತ್ತಿತ್ತು.

ಅಂದು ಸಂಜೆ ಅಲ್ ಕೂಝ್‌ನ ಹುಡುಗನನ್ನು ನನ್ನ ಕಾರಿನಲ್ಲೇ ಕ್ಯಾಂಪಿಗೆ ಬಿಟ್ಟೆ. ನಿನ್ನ ರಕ್ತದಲ್ಲಿ ದೋಷ ಏನೂ ಇಲ್ಲ ಮಾರಾಯ, ಮಳೆಗಾಲದಲ್ಲಿ ಊರಿಗೆ ಹೋದದ್ದಕ್ಕೆ ಹೀಗೆ, ನನ್ನನ್ನೂ ಕಳಿಸಿದರಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಇಳಿಯುವಾಗ ಅವನು ಮೊಬೈಲು ತೆಗೆದು, ಜನವರಿಯಲ್ಲಿ ಯಾವ ತಾರೀಖು ಹಾಕಲಿ ಅಣ್ಣಾ ಎಂದು ಕೇಳಿದ. ನಾನು ಸಂಘದ ಕಾರ್ಯಕ್ರಮ ಪಟ್ಟಿ ನೋಡಿದೆ. ಜನವರಿಯಲ್ಲಿ ಕ್ರಿಕೆಟ್ ಪಂದ್ಯಾಟ ಇತ್ತು, ವಾರ್ಷಿಕೋತ್ಸವ ಇತ್ತು. ರಕ್ತದಾನ ಶಿಬಿರ ಇದ್ದದ್ದು ಮತ್ತೆ ಮುಂದಿನ ಸೆಪ್ಟೆಂಬರಿಗೆ.